ಗಾಢ ಸೊಪ್ಪು-ಬೇರಿನ ಪರ್ಫ್ಯೂಮು: ಕಾರವಾರಕ್ಕೆ ಯಾವುದು, ಶಿರಸಿಗೆ ಯಾವುದು

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಂಗಳದ ಮೂಲೆಯಲ್ಲಿ ಕೆಂಪಡಿಕೆಗೆಂದು ಅಡಿಕೆ ಬೇಯುತ್ತಿತ್ತು. ದೊಡ್ಡ ಹಂಡೆ, ಕೆಳಗೆ ಕುಂಟೆಯ ಬೆಂಕಿ, ಹಂಡೆಯಲ್ಲಿ ಕುದಿಯುವ ತೊಗರು, ಅಂದರೆ ಅಡಿಕೆ ಬೆಂದ ರಸ. ಆ ತೊಗರಿನ ಪರಿಮಳ ಗೊತ್ತಿದ್ದವರಿಗೆ ನಾನು ಮುಂದೆ ಹೇಳುವುದರಲ್ಲಿ ಅರ್ಧ ಆಗಲೇ ಗೊತ್ತಿದೆ. ಒಗರು, ಹೊಗೆ, ಸೊಪ್ಪು ಬೆಂದ ಕಮಟು, ಅಡಿಯಲ್ಲೆಲ್ಲೋ ಒಂಚೂರು ಸಿಹಿ. ಬೆಳಿಗ್ಗೆ ಕಾರವಾರದಲ್ಲಿ ಹೊರಡುವಾಗ ನಾನು ಮಣಿಕಟ್ಟಿಗೆ ಲಾವಂಚದ ಒಂದು ಗಾಢ ಪರ್ಫ್ಯೂಮು ಹಾಕಿಕೊಂಡಿದ್ದೆ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಬರುವಷ್ಟರಲ್ಲಿ ಅದರ ಮೇಲುಪದರವೆಲ್ಲ ಹಾರಿಹೋಗಿ ಬೇರು ಮಾತ್ರ ಉಳಿದಿತ್ತು. ಆಯಿ ನನ್ನ ಕೈ ಹಿಡಿದು ಮೂಸಿ, "ಇದೆಂತ ಸೆಂಟೋ ತಮಾ, ಮಳೆಗಾಲದ ಬಚ್ಚಲಮನೆ ಪರಿಮಳ ಬತ್ತು" ಅಂದಳು. ಆಮೇಲೆ ತನ್ನ ಕೈಯನ್ನೇ ಮುಂದೆ ಚಾಚಿ, "ಯಂಗೂ ಚೂರು ಹಾಕು" ಅಂದಳು.

ಎಪ್ಪತ್ತರ ಹತ್ತಿರದ ಆಯಿಗೂ ನಲವತ್ತು ದಾಟಿದ ನನಗೂ ಒಂದೇ ಬಾಟಲಿ ಒಗ್ಗಿತು. ಅಂದಿನಿಂದ ಗೆಳೆಯರು, ನೆಂಟರು ಕೇಳುವುದು ಒಂದೇ ಪ್ರಶ್ನೆ: ಹೂವಿನದಲ್ಲದ, ಮಿಠಾಯಿಯಂತೆ ಸಿಹಿಯಲ್ಲದ, ಗಂಡ ಹೆಂಡತಿ ಇಬ್ಬರೂ ಹಾಕಿಕೊಳ್ಳಬಹುದಾದ ಗಾಢವಾದ ಗಿಡಮೂಲಿಕೆಯ ಪರ್ಫ್ಯೂಮು ಕೊಳ್ಳುವುದಾದರೆ ಯಾವುದು? ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಗಾಢ ಅನ್ನುವುದರಲ್ಲೇ ನಾಲ್ಕೈದು ಜಾತಿಯಿವೆ, ಮತ್ತು ನೀವು ಉಸಿರಾಡುವ ಗಾಳಿ ಕಾರವಾರದ ಕರಾವಳಿಯದೋ ಶಿರಸಿಯ ಮಲೆನಾಡಿನದೋ ಅನ್ನುವುದರ ಮೇಲೆ ಅರ್ಧ ನಿರ್ಣಯ ನಿಂತಿದೆ.

ಮೊದಲು ಗಾಢ ಅಂದರೇನು ಅನ್ನುವುದನ್ನು ನಮ್ಮ ಅಡುಗೆಮನೆಯಿಂದಲೇ ಹೇಳುತ್ತೇನೆ. ದೊಡ್ಡಪತ್ರೆಯ ತಂಬುಳಿ ಮತ್ತು ಅದೇ ದೊಡ್ಡಪತ್ರೆ ಹಾಕಿ ಕುದಿಸಿದ ಕಷಾಯ. ಎಲೆ ಒಂದೇ. ತಂಬುಳಿಯಲ್ಲಿ ಅದು ಹಸಿರಾಗಿ, ತಣ್ಣಗೆ, ಮೂಗಿನ ತುದಿಗೆ ಹತ್ತುತ್ತದೆ. ಕಷಾಯದಲ್ಲಿ ಕಾಳುಮೆಣಸು, ಜೇಷ್ಠಮಧು, ಒಲೆಯ ಹೊಗೆ ಎಲ್ಲ ಸೇರಿ ಅದೇ ಎಲೆ ಗಂಟಲಿಗಿಳಿದು ಎದೆಯಲ್ಲಿ ಕೂರುತ್ತದೆ. ಲ್ಯಾವೆಂಡರು, ಪುದೀನ, ನಿಂಬೆ ಎಲೆಯ ತಿಳಿ ಪರ್ಫ್ಯೂಮುಗಳು ತಂಬುಳಿಯ ಪಂಗಡ. ನಾವು ಹುಡುಕುತ್ತಿರುವುದು ಕಷಾಯದ ಪಂಗಡ. ಸೊಪ್ಪು ಇರಬೇಕು, ಜೊತೆಗೆ ಬೇರು, ಪಾಚಿ, ಅಂಟು, ಹೊಗೆ ಇವುಗಳಲ್ಲಿ ಒಂದಾದರೂ ಅದನ್ನು ನೆರಳಿಗೆ ಎಳೆಯುತ್ತಿರಬೇಕು. ಅಂದಹಾಗೆ ದೊಡ್ಡಪತ್ರೆಯ ಹೋಲಿಕೆ ಸುಮ್ಮನೆ ಕೊಟ್ಟದ್ದಲ್ಲ. ಪರ್ಫ್ಯೂಮಿನವರು ಥೈಮ್, ಓರೆಗಾನೊ ಎಂದು ಬರೆಯುವ ಸೊಪ್ಪುಗಳಲ್ಲಿರುವ ಕಾರ್ವಕ್ರೋಲ್, ಥೈಮಾಲ್ ಎಂಬ ಎಣ್ಣೆಯಂಶಗಳೇ ದೊಡ್ಡಪತ್ರೆಯಲ್ಲೂ ಇವೆ. ಬಾಟಲಿಯ ಮೇಲೆ ಆ ಹೆಸರು ಕಂಡರೆ ಹಿತ್ತಿಲನ್ನು ನೆನೆಸಿಕೊಳ್ಳಿ, ತಪ್ಪಾಗುವುದಿಲ್ಲ.

ಗಂಡಸರದು, ಹೆಂಗಸರದು ಎಂಬ ವಿಂಗಡಣೆ ಅಂಗಡಿಯ ಕಪಾಟಿಗೆ ಅನುಕೂಲವೇ ಹೊರತು ಪರಿಮಳದೊಳಗೆ ಅಂಥ ಗೆರೆಯಿಲ್ಲ. 1882ರಲ್ಲಿ ಪ್ಯಾರಿಸಿನ ಹೂಬಿಗಾಂ ಸಂಸ್ಥೆ ಫೂಜೇರ್ ರೋಯಾಲ್ ಎಂಬ ಪರ್ಫ್ಯೂಮು ತಂದಿತು. ಫೂಜೇರ್ ಅಂದರೆ ಜರೀಗಿಡ. ಅದರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಾದ ಕೂಮರಿನ್ ಇತ್ತು, ಒಣಹುಲ್ಲಿನ ಪರಿಮಳದ್ದು. ಲ್ಯಾವೆಂಡರು, ಕೂಮರಿನ್, ಓಕ್ ಮರದ ಪಾಚಿ ಸೇರಿದ ಆ ಮಾದರಿ ಮುಂದೆ ಗಂಡಸರ ಪರಿಮಳ ಎಂದೇ ಹೆಸರಾಯಿತು. ಏಳು ವರ್ಷಕ್ಕೆ, 1889ರಲ್ಲಿ, ಗೆರ್ಲಾನ್ ಕಂಪನಿಯ ಜಿಕಿ ಎಂಬ ಪರ್ಫ್ಯೂಮು ಬಂತು. ಅದರಲ್ಲೂ ಲ್ಯಾವೆಂಡರು, ಕೂಮರಿನ್ ಇವೆ, ಅದನ್ನು ಗಂಡಸರೂ ಹಾಕಿದರು, ಹೆಂಗಸರೂ ಹಾಕಿದರು. ನಮ್ಮಲ್ಲಂತೂ ಲಾವಂಚ ಹಾಕಿದ ಕೊಡದ ನೀರನ್ನು ಮನೆಯವರೆಲ್ಲ ಕುಡಿಯುತ್ತಾರೆ, ಸಾಂಬ್ರಾಣಿಯ ಹೊಗೆ ಬಾಣಂತಿಯ ತಲೆಗೂ ಆಡುತ್ತದೆ, ದೇವರ ಕೋಣೆಗೂ ಆಡುತ್ತದೆ. ಇಂಥ ಪರಿಮಳ ಯಾರದು ಎಂದು ಕೇಳಿದ ನೆನಪು ನನಗಿಲ್ಲ.

ಬೇರಿನ ಗಾಢ: ಲಾವಂಚ

ಇದರ ಬಗ್ಗೆ ಹೆಚ್ಚು ಹೇಳುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ನಮ್ಮ ಜಿಲ್ಲೆಗೆ ಇದೇ ಮೊದಲ ಆಯ್ಕೆ. ಹೊನ್ನಾವರ, ಗೋಕರ್ಣದ ಕಡೆ ಅಂಗಡಿಗಳಲ್ಲಿ ಲಾವಂಚದ ಬೀಸಣಿಗೆ, ಟೋಪಿ, ಪುಟ್ಟ ಗಣಪತಿ ತೂಗುಬಿಟ್ಟಿರುವುದನ್ನು ನೋಡಿರುತ್ತೀರಿ. ಒಂದು ಒಣ ಬೇರಿನ ಕಟ್ಟನ್ನು ತಂದು ಮೂಸಿ: ಹುಲ್ಲು, ಒಣಮಣ್ಣು, ಸ್ವಲ್ಪ ಮರ. ಈಗ ಅದನ್ನು ನೀರಿನಲ್ಲಿ ನೆನೆಸಿ ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿ. ಹುಲ್ಲು ಹಿಂದೆ ಸರಿದು ಕೆಸರು, ಬೇರಿನ ಸಿಪ್ಪೆ, ಬಾವಿಯ ಒಳಗೋಡೆಯ ತಂಪು ಮುಂದೆ ಬರುತ್ತದೆ. ಒಳ್ಳೆಯ ಲಾವಂಚದ ಪರ್ಫ್ಯೂಮು ದಿನವಿಡೀ ಇವೆರಡರ ನಡುವೆ ಓಡಾಡುತ್ತದೆ.

ನೆಲ ಬದಲಾದರೆ ಲಾವಂಚವೂ ಬದಲಾಗುತ್ತದೆ. ಪರ್ಫ್ಯೂಮಿನ ಲೋಕಕ್ಕೆ ಹೆಚ್ಚಿನ ಲಾವಂಚದೆಣ್ಣೆ ಹೈಟಿಯಿಂದ ಬರುತ್ತದೆ, ಅದು ಸ್ವಚ್ಛ, ಒಣಗಿದ ಸ್ವಭಾವದ್ದು. ಜಾವಾದ್ದು ಹೊಗೆ ಕುಡಿದಂತಿರುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಪಾತ್ರೆಯಲ್ಲಿ ಇಳಿಸುವ ರೂಹ್ ಖಸ್ ಎಂಬ ಲಾವಂಚದೆಣ್ಣೆ ಹಸಿರು ಬಣ್ಣಕ್ಕಿರುತ್ತದೆ. ಆ ಹಸಿರು ಬರುವುದು ತಾಮ್ರದಿಂದ. ಬಣ್ಣ ನೋಡಿ ಯಾರೋ ಕಲಬೆರಕೆ ಮಾಡಿದ್ದಾರೆಂದು ಹೆದರಬೇಡಿ, ಹಾಗೆಯೇ ಹಸಿರಿದ್ದ ಮಾತ್ರಕ್ಕೆ ಅಸಲಿ ಎಂದು ನಂಬಲೂ ಬೇಡಿ.

ಬಾಟಲಿಯ ಪರ್ಫ್ಯೂಮಿನಲ್ಲಿ ಈ ಪಂಗಡದ ಹೆಸರಾಂತ ಮಾದರಿ ಲಾಲಿಕ್ ಕಂಪನಿಯ ಆಂಕ್ರ್ ನುವಾರ್. 2006ರಲ್ಲಿ ಬಂದದ್ದು, ರೂಪಿಸಿದವರು ನಥಾಲಿ ಲೋರ್ಸನ್ ಎಂಬ ಮಹಿಳೆ. ಹೆಸರಿನ ಅರ್ಥ ಕಪ್ಪು ಶಾಯಿ, ಬಾಟಲಿಯೂ ಚೌಕಾಕಾರದ ಕಪ್ಪು ಶಾಯಿಕುಡಿಕೆಯಂತೆಯೇ ಇದೆ. ಸೈಪ್ರೆಸ್ ಮರದ ಸೊಪ್ಪು ಮೇಲೆ, ಲಾವಂಚ ಕೆಳಗೆ. ಗಂಡಸರ ಕಪಾಟಿನಲ್ಲಿ ಮಾರಾಟವಾಗುವ ಇದನ್ನು ನನ್ನ ಅತ್ತಿಗೆ ಎರಡು ವರ್ಷದಿಂದ ಹಾಕುತ್ತಾಳೆ. ಇದರ ಭಾವ ಹೇಗೆಂದರೆ ಜುಲೈ ತಿಂಗಳ ಸಂಜೆ ನಾಲ್ಕಕ್ಕೇ ಕತ್ತಲಾದ ಅಡಿಕೆ ತೋಟ. ಮಳೆ ಆಗಷ್ಟೇ ನಿಂತಿದೆ, ಮರದಿಂದ ಹನಿ ಬೀಳುತ್ತಿದೆ, ಸುತ್ತ ಯಾರೂ ಇಲ್ಲ. ಕೆಲವರಿಗೆ ಇದು ನೆಮ್ಮದಿ, ಕೆಲವರಿಗೆ ಮಂಕು. ಮೊದಲ ಹತ್ತು ನಿಮಿಷದಲ್ಲಿ ನಿಮಗೆ ಮಂಕು ಅನ್ನಿಸಿದರೆ ಬಲವಂತ ಮಾಡಿಕೊಳ್ಳಬೇಡಿ, ಅದು ಮುಂದೆ ನಗುವ ಜಾತಿಯದಲ್ಲ.

ಕರಾವಳಿಗೆ ಲಾವಂಚ ಏಕೆ ಹೊಂದುತ್ತದೆ ಅಂದರೆ, ಬೆವರಿನ ಜೊತೆ ಸೇರಿದಾಗಲೂ ಅದು ಕೆಡುವುದಿಲ್ಲ. ಕಾರವಾರದ ಮೇ ತಿಂಗಳಲ್ಲಿ ಉಪ್ಪುಗಾಳಿಗೆ ಮೈ ಯಾವಾಗಲೂ ಅಂಟುತ್ತಲೇ ಇರುತ್ತದೆ. ಸಿಹಿ ಪರಿಮಳಗಳು ಆ ಅಂಟಿನಲ್ಲಿ ಬೆಲ್ಲದ ಪಾಕದಂತೆ ದಪ್ಪಗಾಗುತ್ತವೆ. ಲಾವಂಚದ್ದು ಒಣ ಸ್ವಭಾವ, ಅದು ಚರ್ಮದ ಮೇಲೆ ತೆಳುವಾಗಿಯೇ ಉಳಿಯುತ್ತದೆ.

ಎಲೆಯ ಗಾಢ: ಪಚ್ಚೋಲಿ

ಹೂಮಾಲೆಯ ನಡುವೆ ಕಟ್ಟುವ ಪಚ್ಚೆತೆನೆಯ ಪಂಗಡದ ಗಿಡ ಇದು. ಹಸಿ ಎಲೆಯಲ್ಲಿ ಪರಿಮಳ ಕಡಿಮೆ, ಒಣಗಿಸಿ ಇಟ್ಟ ಮೇಲೆಯೇ ಎಣ್ಣೆ ಇಳಿಸುತ್ತಾರೆ, ಎಣ್ಣೆ ಹಳತಾದಷ್ಟೂ ರುಚಿಗೊಳ್ಳುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಶಾಲುಗಳಿಗೆ ಹುಳ ಬೀಳದಂತೆ ಅದರ ಎಲೆ ಇಟ್ಟು ಯುರೋಪಿಗೆ ಕಳಿಸುತ್ತಿದ್ದರು. ಆ ಪರಿಮಳವಿದ್ದ ಶಾಲೇ ಅಸಲಿ ಎಂದು ಅಲ್ಲಿಯ ಹೆಂಗಸರು ಗುರುತು ಹಿಡಿಯುವಂತಾಯಿತು. ಅಜ್ಜಿಯ ಪೆಟ್ಟಿಗೆ ತೆಗೆದಾಗ ರೇಷ್ಮೆ, ಮರ, ಹಳೆಯ ಕಾಲ ಎಲ್ಲ ಒಟ್ಟಿಗೆ ಬರುತ್ತದಲ್ಲ, ಪಚ್ಚೋಲಿಯ ಭಾವ ಅದೇ.

ಶಿರಸಿಯವರಿಗೆ ಇದರಲ್ಲಿ ಒಂದು ತೊಡಕಿದೆ. ಆಷಾಢ-ಶ್ರಾವಣದಲ್ಲಿ ಮಲೆನಾಡಿನ ಮನೆಯೊಳಗೆ ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲಕ್ಕೂ ಮುಗ್ಗುಲು ಹಿಡಿದಿರುತ್ತದೆ. ಅಂಥ ಹೊತ್ತಿನಲ್ಲಿ ಪಚ್ಚೋಲಿ ಹಾಕಿಕೊಂಡು ಮದುವೆ ಮನೆಗೆ ಹೋದರೆ ಪಕ್ಕದವರಿಗೆ ನಿಮ್ಮ ಸೀರೆ ಒಣಗಿಲ್ಲವೆಂದೇ ತೋರುತ್ತದೆ. ನನಗೆ ಪ್ರಿಯವಾದ ಪರಿಮಳವಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅದನ್ನು ಘಟ್ಟದ ಮೇಲೆ ಒಯ್ಯುವುದಿಲ್ಲ. ಕಾರವಾರದ ಜನವರಿಯ ಸಂಜೆಗೆ, ಕಾಳಿ ನದಿಯ ಕಡೆಯಿಂದ ಸ್ವಲ್ಪ ತಂಪು ಬೀಸುವಾಗ, ಇದಕ್ಕಿಂತ ಚಂದದ್ದು ಸಿಗುವುದು ಕಷ್ಟ.

ಕಹಿಸೊಪ್ಪಿನ ಗಾಢ: ದವನ, ಮಾಚಿಪತ್ರೆ

ಗಣೇಶ ಚೌತಿಯ ಇಪ್ಪತ್ತೊಂದು ಪತ್ರೆಗಳಲ್ಲಿ ಮಾಚಿಪತ್ರೆ ಇದೆ. ಅದನ್ನು ಬೆರಳಲ್ಲಿ ತಿಕ್ಕಿದಾಗ ಬರುವ ಕಹಿ, ಕರ್ಪೂರ, ಬೂದಿ ಬೆರೆತ ಪರಿಮಳವೇ ಈ ಪಂಗಡದ ಬೀಜ. ಯುರೋಪಿನ ಆಬ್ಸಿಂತ್ ಮದ್ಯಕ್ಕೆ ಹಾಕುವ ಕಹಿಸೊಪ್ಪು, ನಮ್ಮ ಮಾಚಿಪತ್ರೆ, ನಮ್ಮ ದವನ ಮೂರೂ ಆರ್ಟಿಮೀಸಿಯ ಎಂಬ ಒಂದೇ ಕುಲದವು. ಬಾಟಲಿಯ ಮೇಲೆ ಆರ್ಟಿಮೀಸಿಯ, ಆಬ್ಸಿಂತ್, ವರ್ಮ್‌ವುಡ್ ಯಾವುದೇ ಇದ್ದರೂ ಮಾಚಿಪತ್ರೆಯ ನೆಂಟರು ಎಂದು ತಿಳಿದುಕೊಳ್ಳಿ.

ದವನ ಮಾತ್ರ ಈ ಮನೆತನದಲ್ಲಿ ಬೇರೆ ಸ್ವಭಾವದ ಮಗಳು. ಕಹಿಯ ಜೊತೆಗೆ ಅವಳಲ್ಲಿ ಮಾಗಿದ ಹಣ್ಣಿದೆ, ಹುಳಿ ಬಂದ ದ್ರಾಕ್ಷಿಯ ಅಮಲಿದೆ. ಲೋಕದ ದವನದೆಣ್ಣೆಯ ಬಹುಪಾಲು ಕರ್ನಾಟಕವೂ ಸೇರಿದ ದಕ್ಷಿಣ ಭಾರತದಲ್ಲೇ ತಯಾರಾಗುತ್ತದೆ. ಚೈತ್ರದ ದವನದ ಹುಣ್ಣಿಮೆಗೆ ದೇವರಿಗೇರಿಸುವ ಈ ಸೊಪ್ಪು ಪ್ಯಾರಿಸಿನ ಬಾಟಲಿಯಲ್ಲಿ ಕೂತಿದೆ ಅನ್ನುವುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ.

ದವನ ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಥರ ಎಂದು ಪರ್ಫ್ಯೂಮಿನವರು ಹೇಳುತ್ತಾರೆ. ಇದನ್ನು ಮನೆಯಲ್ಲೇ ನೋಡಿದೆ. ಒಂದು ರಾತ್ರಿ ಊಟವಾದ ಮೇಲೆ ಒಂದೇ ಶೀಶೆಯ ದವನದ ಅತ್ತರನ್ನು ನಾನು ಎಡಗೈಗೆ ಹಚ್ಚಿಕೊಂಡೆ, ಹೆಂಡತಿ ಅವಳ ಎಡಗೈಗೆ. ಹಚ್ಚಿದ ಕೂಡಲೇ ಎರಡೂ ಒಂದೇ. ಇಪ್ಪತ್ತು ನಿಮಿಷಕ್ಕೆ ನನ್ನ ಕೈಯಲ್ಲಿ ಅದು ಕಹಿಯ ಕಡೆಗೆ ವಾಲಿ, ಒಣ ತಂಬಾಕಿನ ಎಲೆಯಂತಾಯಿತು. ಅವಳ ಕೈಯಲ್ಲಿ ಹಣ್ಣು ಮೇಲೆದ್ದಿತು, ಕೊಟ್ಟೆಹಣ್ಣಿಗೂ ಹಲಸಿನ ತೊಳೆಗೂ ನಡುವಿನ ಏನೋ ಒಂದು. ಮಲಗುವ ಹೊತ್ತಿಗೆ ಇಬ್ಬರ ಕೈಯಲ್ಲಿ ಎರಡು ಬೇರೆಯೇ ಪರ್ಫ್ಯೂಮು. ಹಾಗಾಗಿ ಜೋಡಿಯಾಗಿ ಒಂದೇ ಬಾಟಲಿ ಕೊಳ್ಳುವವರಿಗೆ ದವನ ಅತ್ಯಂತ ಆಸಕ್ತಿಯ ಆಯ್ಕೆ. ಹಣ ಒಂದಕ್ಕೆ, ಪರಿಮಳ ಎರಡು. ಆದರೆ ಇಬ್ಬರೂ ಬೇರೆ ಬೇರೆಯಾಗಿ ಹಚ್ಚಿ ನೋಡಿಯೇ ಕೊಳ್ಳಬೇಕು, ಒಬ್ಬರ ಮೆಚ್ಚುಗೆಯ ಮೇಲೆ ಇನ್ನೊಬ್ಬರು ನಂಬಿಕೆ ಇಡುವಂತಿಲ್ಲ.

ಭಾವದಲ್ಲಿ ಈ ಪಂಗಡ ಎಲ್ಲಕ್ಕಿಂತ ಚುರುಕು. ಲಾವಂಚ ಒಬ್ಬಂಟಿ, ಪಚ್ಚೋಲಿ ನೆನಪಿನಲ್ಲಿ ಮುಳುಗಿದ್ದು. ಕಹಿಸೊಪ್ಪಿಗೆ ಎದುರಿನವರ ಜೊತೆ ಮಾತು ಬೇಕು. ಕಚೇರಿಗೆ, ಸಭೆಗೆ ಇದೇ ಒಳ್ಳೆಯದು.

ಪಾಚಿಯ ಗಾಢ: ಕಲ್ಲುಹೂವು ಮತ್ತು ಶಮಾಮಾ

ಮಸಾಲೆ ಡಬ್ಬಿಯಲ್ಲಿ ಕಪ್ಪು ಕಾಗದದ ಚೂರಿನಂತಿರುವ ಕಲ್ಲುಹೂವನ್ನು ಒಮ್ಮೆ ಹಾಗೇ ಮೂಸಿ ನೋಡಿ. ಸಪ್ಪೆ. ಬಿಸಿ ಎಣ್ಣೆಗೆ ಬಿದ್ದಾಗ ಮಾತ್ರ ಮರದ ತೊಗಟೆ, ಮಣ್ಣು, ಹೊಗೆ ಒಮ್ಮೆಲೇ ಏಳುತ್ತದೆ. ಯುರೋಪಿನವರು ಓಕ್ ಮಾಸ್ ಎನ್ನುವುದೂ ಇಂಥದೇ ಒಂದು ಕಲ್ಲುಹೂವು, ಓಕ್ ಮರದ ತೊಗಟೆಯ ಮೇಲೆ ಬೆಳೆಯುವಂಥದ್ದು. 1917ರಲ್ಲಿ ಕೋಟಿ ಕಂಪನಿ ತಂದ ಶೀಪ್ರ್ ಎಂಬ ಪರ್ಫ್ಯೂಮಿನಿಂದ ಆ ಪಾಚಿಯ ಮೇಲೆಯೇ ಒಂದು ಇಡೀ ಪಂಗಡ ಬೆಳೆಯಿತು. ಕೆಲವರ ಚರ್ಮಕ್ಕೆ ಅಲರ್ಜಿ ಮಾಡುತ್ತದೆಂದು ಓಕ್ ಮಾಸಿನಲ್ಲಿರುವ ಆಟ್ರನಾಲ್, ಕ್ಲೋರೋಆಟ್ರನಾಲ್ ಎಂಬ ಎರಡು ಅಂಶಗಳನ್ನು ಯುರೋಪಿಯನ್ ಒಕ್ಕೂಟ 2017ರ ನಿಯಮದಲ್ಲಿ ನಿಷೇಧಿಸಿತು. ಹಳೆಯ ಕಾಲದ ಪರ್ಫ್ಯೂಮುಗಳು ಈಗ ತೆಳುವಾಗಿವೆ ಎಂದು ಹಳಬರು ಹೇಳುವುದಕ್ಕೆ ಇಂಥ ಕಾರಣಗಳಿವೆ.

ಇದಕ್ಕೆ ನಮ್ಮ ದೇಶ ಕೊಡುವ ಉತ್ತರ ಶಮಾಮಾ. ಕಲ್ಲುಹೂವು, ಜಟಾಮಾಂಸಿ, ನಮ್ಮ ಗದ್ದೆಯ ಕೊನ್ನಾರಿಯ ದಾಯಾದಿಯಾದ ನಾಗರಮೋಥಾ, ಏಲಕ್ಕಿ, ಲವಂಗ, ಜಾಯಿಕಾಯಿ ಹೀಗೆ ಬಹಳಷ್ಟು ಸೇರಿಸಿ ಕನೌಜಿನಲ್ಲಿ ದಿನಗಟ್ಟಲೆ ಇಳಿಸುವ ಅತ್ತರು. ಶಿರಸಿ ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಅತ್ತರು ಮಾರುವವನೊಬ್ಬ ಗಾಜಿನ ಕಡ್ಡಿಯಲ್ಲಿ ಇದನ್ನು ನನ್ನ ಅಂಗೈ ಹಿಂಬದಿಗೆ ಎಳೆದದ್ದು ನೆನಪಿದೆ. ಮನೆಗೆ ಬಂದು ಕೈ ತೊಳೆದು ಊಟ ಮಾಡಿದರೂ ಮರುದಿನ ಬೆಳಿಗ್ಗೆ ಅಲ್ಲೇ ಇತ್ತು. ಕರಾವಳಿಯ ಸೆಕೆಗೆ ಇದು ಭಾರ. ಘಟ್ಟದ ಮೇಲೆ, ಕಂಬಳಿ ಹೊದೆಯುವ ಚಳಿಯಲ್ಲಿ, ಒಂದೇ ಚುಕ್ಕೆ ಸಾಕು.

ಅಂಟು, ಹೊಗೆ

ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಸೊಪ್ಪಿನ ಪರಿಮಳ ಬೇಕೆಂದು ಬಂದವರಿಗೆ ಇದು ಪಕ್ಕದ ಮನೆ. ಸಾಂಬ್ರಾಣಿ, ಧೂಪ, ಪಶ್ಚಿಮ ಘಟ್ಟದ ಮರದಿಂದ ಇಳಿಸಿ ಅಗರಬತ್ತಿಗೆ ಹಾಕುವ ಹಾಲ್ಮಡ್ಡಿ, ಇವು ಹಿನ್ನೆಲೆಯಲ್ಲಿದ್ದರೆ ಸೊಪ್ಪಿಗೆ ಆಳ ಕೊಡುತ್ತವೆ. ಮುಂದೆ ಬಂದು ನಿಂತರೆ ಮೈಯೆಲ್ಲ ದೇವರ ಕೋಣೆಯಾಗುತ್ತದೆ. ಪರಿಮಳಗಳ ಪಟ್ಟಿಯಲ್ಲಿ ಇವು ಕೊನೆಯ ಸಾಲಿನಲ್ಲಿರುವ ಬಾಟಲಿ ಆರಿಸಿ.

ಕೊಳ್ಳುವ ಮುನ್ನ

ಹೆಸರಿಗೂ ಬಣ್ಣಕ್ಕೂ ಮರುಳಾಗಬೇಡಿ. ಐದಾರು ವರ್ಷದ ಹಿಂದೆ ಆನ್‌ಲೈನಿನಲ್ಲಿ ಕಪ್ಪು ಬಾಟಲಿ, ಮೇಲೆ ಎಲೆಯ ಚಿತ್ರ, "ಕಾಡಿನ ಗಿಡಮೂಲಿಕೆ" ಎಂಬ ವಿವರಣೆ ನೋಡಿ ಮೂಸದೆಯೇ ಒಂದನ್ನು ತರಿಸಿದ್ದೆ. ತೆಗೆದರೆ ವೆನಿಲ್ಲಾ ಮತ್ತು ಚರ್ಮದ ಚೀಲ, ಸೊಪ್ಪಿನ ಸುಳಿವೇ ಇಲ್ಲ. ತೆರೆದ ಬಾಟಲಿಯನ್ನು ಅವರು ವಾಪಸ್ ತೆಗೆದುಕೊಳ್ಳಲಿಲ್ಲ, ನನಗೆ ನಿಜಕ್ಕೂ ಬೇಸರವಾಗಿತ್ತು. ಈಗ ಮೊದಲು ಎರಡು ಮಿಲಿಯ ಮಾದರಿ ಶೀಶೆ ತರಿಸುತ್ತೇನೆ, ಒಪ್ಪಿಗೆಯಾದರೆ ಮಾತ್ರ ದೊಡ್ಡದು.

ಅಂಗಡಿಯಲ್ಲಾದರೆ ಕಾಗದದ ಪಟ್ಟಿಯಲ್ಲಿ ಎಷ್ಟು ಬೇಕಾದರೂ ನೋಡಿ, ಚರ್ಮದ ಮೇಲೆ ಮಾತ್ರ ದಿನಕ್ಕೆ ಎರಡು, ಕೈಗೊಂದು. ಹಾಕಿಕೊಂಡ ಮೇಲೆ ಮಣಿಕಟ್ಟು ಮಣಿಕಟ್ಟಿಗೆ ಉಜ್ಜಬೇಡಿ. ಗಾಢ ಪರಿಮಳಗಳ ನಿಜವಾದ ಗುಣ ತಿಳಿಯುವುದು ಮೂರು-ನಾಲ್ಕು ಗಂಟೆಯ ನಂತರ, ಬೇರು ಮತ್ತು ಪಾಚಿ ಮೇಲೇಳುವುದೇ ಆಗ. ಕಾರವಾರದಲ್ಲಿ ಮೂಸಿ ಶಿರಸಿಯಲ್ಲಿ ಹಾಕುವವರು ಒಂದು ಸಲವಾದರೂ ಘಟ್ಟ ಹತ್ತಿ ನೋಡಿಯೇ ನಿರ್ಧರಿಸಿ. ಸುಮಾರು 600 ಮೀಟರ್ ಎತ್ತರಕ್ಕೆ ಏರಿದಾಗ ತಂಪಿಗೆ ಅದೇ ಪರಿಮಳ ಮುದುಡಿ ಮೈಗೆ ಹತ್ತಿರವಾಗುತ್ತದೆ. ಕೆಳಗೆ ಎರಡು ಸಲ ಒತ್ತಿದರೆ ಸಾಕಾದದ್ದು ಮೇಲೆ ಮೂರು ಸಲ ಬೇಕಾಗಬಹುದು.

ಅತ್ತರೋ ಸ್ಪ್ರೇಯೋ ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಅತ್ತರು ಎಣ್ಣೆ, ಮೈಗೆ ಅಂಟಿಕೊಂಡು ಹತ್ತಿರದವರಿಗೆ ಮಾತ್ರ ಕೇಳಿಸುವ ಪಿಸುಮಾತು. ಸ್ಪ್ರೇಯಲ್ಲಿ ಆಲ್ಕೋಹಾಲು ಹಾರುವಾಗ ಪರಿಮಳವನ್ನು ಸುತ್ತ ಹರಡುತ್ತದೆ. ಕರಾವಳಿಯ ಸೆಕೆಯಲ್ಲಿ ಹರಡುವುದಕ್ಕೆ ಗಾಳಿಯೇ ಸಹಾಯ ಮಾಡುವುದರಿಂದ ತೆಳುವಾದ ಓ ಡಿ ಟಾಯ್ಲೆಟ್ ಸಾಕು, ಮಲೆನಾಡಿನ ಚಳಿಗೆ ಗಟ್ಟಿಯಾದ ಓ ಡಿ ಪರ್ಫ್ಯೂಮ್ ಅಥವಾ ಅತ್ತರು. ಸಾಂಪ್ರದಾಯಿಕ ಅತ್ತರು ಇಳಿಯುವುದು ಶ್ರೀಗಂಧದ ಎಣ್ಣೆಯೊಳಕ್ಕೆ, ಅಗ್ಗದವುಗಳಲ್ಲಿ ಅದರ ಬದಲು ಲಿಕ್ವಿಡ್ ಪ್ಯಾರಾಫಿನ್ ಇರುತ್ತದೆ. ಬೆಲೆ ಬಹಳ ಕಡಿಮೆಯಿದ್ದರೆ ಯಾವ ಎಣ್ಣೆಯಲ್ಲಿ ಇಳಿಸಿದ್ದು ಎಂದು ಕೇಳಿ, ನಾಚಿಕೆ ಬೇಡ. ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ, ಬಚ್ಚಲಿನ ಹತ್ತಿರವೂ ಬೇಡ. ಬಿಳಿ ಪಂಚೆ, ತಿಳಿಬಣ್ಣದ ಸೀರೆಯ ಮೇಲೆ ಈ ಕಂದು ಎಣ್ಣೆಗಳು ಕಲೆ ಬಿಡುತ್ತವೆ, ಮೈಗೇ ಹಚ್ಚಿ.

ಕಾರವಾರ, ಅಂಕೋಲಾ, ಕುಮಟಾದಲ್ಲಿರುವವರು ವರ್ಷವಿಡೀ ಒಂದೇ ಬಾಟಲಿ ಇಟ್ಟುಕೊಳ್ಳುವುದಾದರೆ ಲಾವಂಚ ಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಚಳಿಗಾಲಕ್ಕೆ ಶಮಾಮಾ ಅಥವಾ ಪಾಚಿಯದ್ದು, ಉಳಿದ ಕಾಲಕ್ಕೆ ಕಹಿಸೊಪ್ಪಿನದು. ಇಬ್ಬರ ರುಚಿ ಬೇರೆಯಾಗಿದ್ದು ಜಗಳ ಬೇಡ ಅನ್ನುವ ಜೋಡಿಗೆ ದವನ. ನಾನು ಡಿಸೆಂಬರಿನಲ್ಲಿ ಆಯಿಗೆಂದು ಬಿಟ್ಟುಬಂದ ಚಿಕ್ಕ ಲಾವಂಚದ ಶೀಶೆ ಅರ್ಧಕ್ಕೆ ಬಂದಿದೆಯಂತೆ. ಫೋನಿನಲ್ಲಿ ಹೇಳಿದಳು, ಅಪ್ಪಯ್ಯನೂ ಪೇಟೆಗೆ ಹೋಗುವಾಗ ಕೇಳಿ ಹಚ್ಚಿಕೊಂಡು ಹೋಗುತ್ತಾನೆ.